ಪೆಡಲ್ ಒತ್ತಿದರೆ ನೋಟ್ ಗಕ್ಕನೆ ನಿಲ್ಲುತ್ತದೆ, ಯಾಕೆ?

ಪ್ರಶ್ನೆ: ಸರ್, ನಾನು ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಎರಡನೇ ವರ್ಷ ಓದುತ್ತಿದ್ದೇನೆ. ಎಂಎಕ್ಸ್‌ಆರ್ ಕಂಪನಿಯ ಡಿಸ್ಟಾರ್ಷನ್ ಪ್ಲಸ್ ಅನ್ನುವ, ಗಿಟಾರ್ ಸದ್ದು ಒಡೆಯುವ ಪೆಡಲ್‌ನ ನಕ್ಷೆ ನೋಡಿಕೊಂಡು ಡಾಟ್ ಬೋರ್ಡ್ ಮೇಲೆ ಒಂದು ಗಿಟಾರ್ ಪೆಡಲ್ ಕಟ್ಟಿದೆ. ಸಿಗ್ನಲ್ ದೊಡ್ಡದು ಮಾಡುವ ಐಸಿ 741, ಡಯೋಡ್ ಎರಡೂ 1ಎನ್4148. ಬೈಪಾಸ್‌ನಲ್ಲಿ (ಪೆಡಲ್ ಆಫ್ ಇದ್ದಾಗ) ಗಿಟಾರ್ ಚೆನ್ನಾಗಿ ಕೇಳುತ್ತದೆ. ಪೆಡಲ್ ಆನ್ ಮಾಡಿದರೆ ಗೇನ್ ಅರ್ಧ ತಿರುಗಿಸುವವರೆಗೂ ಸದ್ದೇ ಇಲ್ಲ. ತಂತಿ ಜೋರಾಗಿ ಬಾರಿಸಿದರೆ ಮಾತ್ರ ಟಪ್ ಟಪ್ ಅನ್ನುತ್ತದೆ. ಗೇನ್ ಪೂರ್ತಿ ಕೊಟ್ಟರೆ ಹರಿದ ಸ್ಪೀಕರ್ ಥರ ಜೋರಾಗಿ ಬರುತ್ತದೆ, ಆದರೆ ನೋಟ್ ಮೆಲ್ಲಗೆ ಕರಗುವುದಿಲ್ಲ, ಗಕ್ಕನೆ ನಿಂತುಬಿಡುತ್ತದೆ. ಜೊತೆಗೆ ಹಮ್. ಬ್ಯಾಟರಿಯಲ್ಲೂ ಇದೆ, ಅಡಾಪ್ಟರ್‌ನಲ್ಲಿ ಇನ್ನೂ ಜಾಸ್ತಿ. ಡಬ್ಬಿ ಪ್ಲಾಸ್ಟಿಕ್‌ದು. ಮೀಟರ್ ಇಟ್ಟು ನೋಡಿದೆ: 7ನೇ ಪಿನ್ 9.1 ವೋಲ್ಟ್, 4ನೇ ಪಿನ್ 0, 6ನೇ ಪಿನ್ 4.4, 3ನೇ ಪಿನ್ ಬರೀ 1.8. ಬಯಾಸ್ (ಸಿಗ್ನಲ್ ಇಲ್ಲದಾಗ ಐಸಿಗೆ ಸಿಗಬೇಕಾದ ಅರ್ಧ ವೋಲ್ಟೇಜ್) ತಪ್ಪಿದೆ ಅಂತ ಎರಡು ಒನ್ ಮೆಗ್ (ಹತ್ತು ಲಕ್ಷ ಓಮ್) ರೆಸಿಸ್ಟರ್ ತೆಗೆದು 100ಕೆ (ಒಂದು ಲಕ್ಷ ಓಮ್) ಹಾಕಿದೆ. 3ನೇ ಪಿನ್ 2.2 ಆಯಿತು, ಅಷ್ಟೇ. ಐಸಿ ಎರಡು ಸಲ ಬದಲಾಯಿಸಿದೆ. ಆಸಿಲೋಸ್ಕೋಪ್ ಇಲ್ಲ. ಏನು ಮಾಡಲಿ?

ಉತ್ತರ: ಮೊದಲು ಐಸಿ ಬದಲಾಯಿಸುವುದನ್ನು ನಿಲ್ಲಿಸಿ. ನಿಮ್ಮ 741 ಗಟ್ಟಿಮುಟ್ಟಾಗಿದೆ. ಮೊದಲು ತೆಗೆದ ಎರಡೂ ಬಹುಶಃ ಚೆನ್ನಾಗಿಯೇ ಇದ್ದವು. ಬಿಸಾಡಿದ್ದರೆ ಹುಡುಕಿ ಎತ್ತಿಡಿ, ಇನ್ನೊಂದು ಪೆಡಲ್‌ಗೆ ಆಗುತ್ತವೆ.

ಇದಕ್ಕೆ ಸಾಕ್ಷಿ ನಿಮ್ಮ ಪತ್ರದಲ್ಲೇ ಇದೆ: 6ನೇ ಪಿನ್ 4.4. ಈ ಸರ್ಕ್ಯೂಟ್‌ನಲ್ಲಿ ಗೇನ್ ಪಾಟ್‌ನ (ತಿರುಗಿಸಿ ಬದಲಾಯಿಸುವ ರೆಸಿಸ್ಟರ್) ದಾರಿಯಲ್ಲಿ ಒಂದು 0.047 ಮೈಕ್ರೋಫ್ಯಾರಡ್ ಕೆಪಾಸಿಟರ್ ಇದೆ, ನೋಡಿ. ಅದು ಡಿಸಿಯನ್ನು ಬಿಡುವುದಿಲ್ಲ. ಹಾಗಾಗಿ ಗಿಟಾರ್ ಸಿಗ್ನಲ್ ಇನ್ನೂರು ಪಟ್ಟು ದೊಡ್ಡದಾದರೂ ಡಿಸಿ ಮಾತ್ರ ಇದ್ದಷ್ಟೇ ಇರುತ್ತದೆ. 3ನೇ ಪಿನ್‌ನಲ್ಲಿ ಎಷ್ಟು ವೋಲ್ಟ್ ಇದೆಯೋ 6ನೇ ಪಿನ್‌ನಲ್ಲೂ ಹೆಚ್ಚುಕಮ್ಮಿ ಅಷ್ಟೇ ಇರಬೇಕು. 3ರಲ್ಲಿ ನಿಜವಾಗಿಯೂ 1.8 ಇದ್ದಿದ್ದರೆ 6ರಲ್ಲಿ 4.4 ಬರಲು ಸಾಧ್ಯವೇ ಇಲ್ಲ. ಎರಡು ಅಳತೆಗಳಲ್ಲಿ ಒಂದು ಸುಳ್ಳು. ಸುಳ್ಳು ಹೇಳುತ್ತಿರುವುದು 3ನೇ ಪಿನ್‌ನದು. ಹೇಳಿಸುತ್ತಿರುವುದು ನಿಮ್ಮ ಮೀಟರ್.

ನಿಮ್ಮ ಹತ್ತಿರ ಇರುವುದು ಡಿಟಿ830 ಜಾತಿಯ ಅಗ್ಗದ ಮೀಟರ್ ಇರಬೇಕು. ನಮ್ಮೆಲ್ಲರ ಮನೆಯಲ್ಲೂ ಒಂದಿದೆ. ಡಿಸಿ ವೋಲ್ಟ್ ನೋಡುವಾಗ ಅದರ ಒಳಗಿನ ರೆಸಿಸ್ಟೆನ್ಸ್ ಒನ್ ಮೆಗ್. ಅಂದರೆ ಅದರ ಕಡ್ಡಿ ಇಟ್ಟ ಕೂಡಲೇ ನೀವು ಸರ್ಕ್ಯೂಟ್‌ಗೆ ಒಂದು ಒನ್ ಮೆಗ್ ರೆಸಿಸ್ಟರ್ ಜೋಡಿಸಿದ ಹಾಗೆ. ಸಾಮಾನ್ಯ ಜಾಗದಲ್ಲಿ ಇದರಿಂದ ಏನೂ ಆಗುವುದಿಲ್ಲ. ಆದರೆ ನಿಮ್ಮ ಬಯಾಸ್ ಜಾಗದಲ್ಲಿ ಇರುವುದೂ ಒನ್ ಮೆಗ್‌ಗಳೇ. ಲೆಕ್ಕ ಹಾಕಿ: ಎರಡು ಒನ್ ಮೆಗ್ ಸೇರಿ 9 ವೋಲ್ಟನ್ನು ಅರ್ಧ ಮಾಡುತ್ತವೆ, ಅಲ್ಲಿಂದ ಇನ್ನೊಂದು ಒನ್ ಮೆಗ್ ದಾಟಿ 3ನೇ ಪಿನ್. ಮೀಟರ್ ಕಡೆಯಿಂದ ನೋಡಿದರೆ 4.5 ವೋಲ್ಟ್‌ನ ಮುಂದೆ ಒಂದೂವರೆ ಮೆಗ್ ಕೂತಿದೆ. ಮೀಟರ್‌ನದು ಒಂದು ಮೆಗ್. ಹಂಚಿಕೊಂಡರೆ ಮೀಟರ್ ಪಾಲಿಗೆ 1.8 ವೋಲ್ಟ್. ನಿಮಗೆ ಬಂದದ್ದೂ ಅದೇ ಅಲ್ವಾ? 100ಕೆ ಹಾಕಿದ ಮೇಲೆ ಇದೇ ಲೆಕ್ಕ ಮಾಡಿ, 2.2 ಬರುತ್ತದೆ. ನಿಮ್ಮ ರೆಸಿಸ್ಟರ್‌ಗಳು ಸರಿ, ನಿಮ್ಮ ಬೆಸುಗೆಯೂ ಸರಿ. ಇಷ್ಟು ಕರಾರುವಾಕ್ಕಾಗಿ ತಪ್ಪು ತೋರಿಸಬೇಕಾದರೆ ಬೋರ್ಡ್‌ನ ಆ ಮೂಲೆ ಪೂರ್ತಿ ಸರಿ ಇರಲೇಬೇಕು.

ನಂಬಿಕೆ ಬರದಿದ್ದರೆ ಗೆಳೆಯರ ಮೀಟರ್ ಒಂದು ತನ್ನಿ. ಅದನ್ನು 6ನೇ ಪಿನ್‌ಗೆ ಇಡಿ, 4.4 ಕಾಣಿಸುತ್ತದೆ. ಈಗ ನಿಮ್ಮ ಮೀಟರ್‌ನ ಕೆಂಪು ಕಡ್ಡಿಯನ್ನು 3ಕ್ಕೆ ಮುಟ್ಟಿಸಿ. ಗೆಳೆಯರ ಮೀಟರ್‌ನಲ್ಲಿ 4.4 ಇದ್ದದ್ದು ಕಣ್ಣೆದುರೇ ಜಾರಿ 2ರ ಆಸುಪಾಸಿಗೆ ಇಳಿಯುತ್ತದೆ. ತೆಗೆದರೆ ವಾಪಸ್ ಮೇಲೆ. ಅಳೆಯುವ ಕೈಯೇ ಅಳತೆಯನ್ನು ಕೆಡಿಸುತ್ತಿದೆ. ಅದಕ್ಕೇ ಈ ಪೆಡಲ್‌ನಲ್ಲಿ ಬಯಾಸ್ ನೋಡಬೇಕಾದರೆ ಯಾವಾಗಲೂ 6ನೇ ಪಿನ್ ನೋಡಿ. ಅದು ಐಸಿಯ ಔಟ್‌ಪುಟ್, ಮೀಟರ್‌ಗೆ ಜಗ್ಗುವುದಿಲ್ಲ. 4ರಿಂದ 5ರ ಒಳಗಿದ್ದರೆ ಮುಂದೆ ಹೋಗಿ. 2ನೇ ಪಿನ್‌ಗಂತೂ ಈ ಮೀಟರ್ ಇಡಲೇಬೇಡಿ, ಇಟ್ಟ ಕೂಡಲೇ ಔಟ್‌ಪುಟ್ ಮೇಲಕ್ಕೆ ಓಡಿಹೋಗುತ್ತದೆ.

ಹಾಕಿರುವ 100ಕೆಗಳನ್ನು ತೆಗೆಯಬೇಡಿ. ಅವೇ ಇರಲಿ, ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು. ಕಾರಣ ಆಮೇಲೆ ಹೇಳುತ್ತೇನೆ.

ಹಾಗಾದರೆ ತಪ್ಪು ಎಲ್ಲಿ? ಐಸಿ ದಾಟಿದ ಮೇಲೆ. ಯಾವ ಜಾಗ ಅಂತ ನಿಮ್ಮ ವರ್ಣನೆಯೇ ಹೇಳುತ್ತಿದೆ. ಗೇನ್ ಕಡಿಮೆ ಇದ್ದಾಗ ಪೂರ್ತಿ ಮೌನ. ಜೋರಾಗಿ ಬಾರಿಸಿದರೆ ಟಪ್. ಗೇನ್ ಜಾಸ್ತಿ ಕೊಟ್ಟರೆ ಜೋರು ಸದ್ದು, ಆದರೆ ನೋಟ್ ಒಂದು ಮಟ್ಟಕ್ಕೆ ಇಳಿದ ಕೂಡಲೇ ಬಾಗಿಲು ಹಾಕಿದ ಹಾಗೆ ಬಂದ್. ಅಂದರೆ ಸಿಗ್ನಲ್‌ನ ದಾರಿಯಲ್ಲಿ ಒಂದು ಹೊಸ್ತಿಲು ಇದೆ. ಅದನ್ನು ದಾಟುವಷ್ಟು ಎತ್ತರ ಇದ್ದರೆ ಮಾತ್ರ ಒಳಗೆ ಪ್ರವೇಶ. ಈ ಸರ್ಕ್ಯೂಟ್‌ನಲ್ಲಿ ಹೊಸ್ತಿಲು ಇರುವ ವಸ್ತು ಒಂದೇ, ಡಯೋಡ್. ಸಿಲಿಕಾನ್ ಡಯೋಡ್‌ನದು ಸುಮಾರು 0.6 ವೋಲ್ಟ್. ನನ್ನ ಅನುಮಾನ ಇದು: ಎರಡು ಡಯೋಡ್‌ಗಳನ್ನು ಸಿಗ್ನಲ್‌ನಿಂದ ಗ್ರೌಂಡ್‌ಗೆ ಹಾಕುವ ಬದಲು ಸಿಗ್ನಲ್‌ನ ದಾರಿಯಲ್ಲೇ ಅಡ್ಡ ಮಲಗಿಸಿದ್ದೀರಿ. 10ಕೆ ರೆಸಿಸ್ಟರ್ ಒಂದು ಕಡೆ, ವಾಲ್ಯೂಮ್ ಪಾಟ್ ಇನ್ನೊಂದು ಕಡೆ, ಮಧ್ಯೆ ಡಯೋಡ್ ಜೋಡಿ.

ಸರಿ ಜಾಗದಲ್ಲಿದ್ದಾಗ ಡಯೋಡ್ ಜೋಡಿ ಸಿಗ್ನಲ್‌ನ ತಲೆ ಕತ್ತರಿಸುತ್ತದೆ: 0.6 ದಾಟಿದ್ದೆಲ್ಲ ಗ್ರೌಂಡ್‌ಗೆ, ಕೆಳಗಿನದ್ದು ಹಾಗೇ ಮುಂದಕ್ಕೆ. ತಪ್ಪು ಜಾಗದಲ್ಲಿದ್ದಾಗ ಸರಿಯಾಗಿ ಉಲ್ಟಾ: 0.6ಕ್ಕಿಂತ ಕೆಳಗಿನದ್ದು ಸಾಯುತ್ತದೆ, ಮೇಲಿನದ್ದು ಮಾತ್ರ ಬರುತ್ತದೆ. ಒಂದು ತಲೆ ಕಡಿಯುತ್ತದೆ, ಇನ್ನೊಂದು ಸೊಂಟ ಮುರಿಯುತ್ತದೆ. ಎರಡೂ ಡಿಸ್ಟಾರ್ಷನ್ನೇ.

ಈ ಕೆಲಸದಲ್ಲಿ ಎಲ್ಲರೂ ಮುಗ್ಗರಿಸುವುದು ಇಲ್ಲೇ. ರೇಡಿಯೋ ಕೆಟ್ಟರೆ ಸದ್ದು ಒಡೆಯುತ್ತದೆ, ಕೆಟ್ಟಿದೆ ಅಂತ ಗೊತ್ತಾಗುತ್ತದೆ. ಈ ಪೆಡಲ್‌ನ ಕೆಲಸವೇ ಸದ್ದು ಒಡೆಯುವುದು. ಒಡೆದ ಸದ್ದು ಬಂದರೆ ಅದು ಕೆಲಸವೋ ಕಾಯಿಲೆಯೋ ಕಿವಿಗೆ ಹೇಗೆ ಗೊತ್ತಾಗಬೇಕು? ಗಿಟಾರ್ ಲೋಕದ ಫಜ್ ಸದ್ದು ಜನಕ್ಕೆ ಹಿಡಿಸಿದ್ದೂ ಒಂದು ಕೆಟ್ಟ ಯಂತ್ರದಿಂದ. 1961ರಲ್ಲಿ ಬಂದ ಮಾರ್ಟಿ ರಾಬಿನ್ಸ್‌ರ ಹಾಡೊಂದನ್ನು ನ್ಯಾಶ್‌ವಿಲ್‌ನಲ್ಲಿ ರೆಕಾರ್ಡ್ ಮಾಡುವಾಗ ಮಿಕ್ಸರ್‌ನ ಒಂದು ಚಾನೆಲ್ ಕೆಟ್ಟಿತ್ತು, ಗ್ರೇಡಿ ಮಾರ್ಟಿನ್ ನುಡಿಸಿದ ಬೇಸ್ ಜೇನುಗೂಡಿನ ಥರ ಗುಂಯ್‌ಗುಟ್ಟಿತು. ಅದನ್ನು ಹಾಗೇ ಬಿಟ್ಟರು. ಆಮೇಲೆ ಇಂಜಿನಿಯರ್ ಗ್ಲೆನ್ ಸ್ನೋಡಿ ಅದೇ ಸದ್ದನ್ನು ಟ್ರಾನ್ಸಿಸ್ಟರ್‌ಗಳಲ್ಲಿ ಕಟ್ಟಿದರು. ಗಿಬ್ಸನ್ ಕಂಪನಿ 1962ರಲ್ಲಿ ಅದನ್ನು ಮೇಸ್ಟ್ರೋ ಫಜ್ ಟೋನ್ ಅಂತ ಮಾರಾಟಕ್ಕೆ ತಂದಿತು. ನಾನೇನು ಕಮ್ಮಿ? ನನ್ನ ಮೊದಲ ಪೆಡಲ್‌ನಲ್ಲಿ ಎರಡು ಡಯೋಡನ್ನೂ ಒಂದೇ ದಿಕ್ಕಿಗೆ ಹಾಕಿದ್ದೆ. ಅಲೆಯ ಒಂದು ಅರ್ಧ ಮಾತ್ರ ಕತ್ತರಿಸುತ್ತಿತ್ತು. ಆರು ತಿಂಗಳು ಹಾಗೇ ನುಡಿಸಿದೆ, ಇದು ನನ್ನದೇ ಟೋನ್ ಅಂತ ಬೀಗಿದೆ.

ಆದ್ದರಿಂದ "ಸದ್ದು ಹೇಗಿದೆ" ಅಂತ ಕೇಳಿಕೊಳ್ಳಬೇಡಿ. "ಯಾವ ಬಿಂದುವಿನಲ್ಲಿ ಸದ್ದು ಬದಲಾಯಿತು" ಅಂತ ಕೇಳಿಕೊಳ್ಳಿ. ಅದಕ್ಕೆ ಆಸಿಲೋಸ್ಕೋಪ್ ಬೇಕಿಲ್ಲ. ಹತ್ತು ನಿಮಿಷದಲ್ಲಿ ಒಂದು ಆಡಿಯೋ ಪ್ರೋಬ್ ಮಾಡಿಕೊಳ್ಳಿ. ಹಳೆಯ ಗಿಟಾರ್ ಕೇಬಲ್ ಒಂದರ ಒಂದು ತುದಿ ಕತ್ತರಿಸಿ. ಒಳಗಿನ ತಂತಿಗೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಬೆಸೆಯಿರಿ, ಅದರ ಇನ್ನೊಂದು ಕಾಲೇ ನಿಮ್ಮ ಮೊನೆ. ಹೊರಗಿನ ಜಾಲರಿಗೆ ಕ್ರೊಕೊಡೈಲ್ ಕ್ಲಿಪ್ ಹಾಕಿ ಬೋರ್ಡ್‌ನ ಗ್ರೌಂಡ್‌ಗೆ ಕಚ್ಚಿಸಿ. ಕೇಬಲ್‌ನ ಇನ್ನೊಂದು ತುದಿ ಆಂಪ್‌ಗೆ. ಕೆಪಾಸಿಟರ್ ಮರೆಯಬೇಡಿ, ಅದಿಲ್ಲದಿದ್ದರೆ ಬೋರ್ಡ್‌ನ ಡಿಸಿ ಸೀದಾ ಆಂಪ್‌ಗೆ ಹೋಗುತ್ತದೆ. ಆಂಪ್ ವಾಲ್ಯೂಮ್ ತೀರಾ ಕೆಳಗಿಟ್ಟು ಶುರು ಮಾಡಿ, ಮೊನೆ ತಾಗಿದಾಗೆಲ್ಲ ಟಕ್ ಅನ್ನುತ್ತದೆ. ಪೆಡಲ್‌ಗೆ ಬ್ಯಾಟರಿಯೇ ಇರಲಿ. ಈ ಪ್ರೋಬ್ ಇರುವುದು 9 ವೋಲ್ಟ್ ಬೋರ್ಡ್‌ಗೆ ಮಾತ್ರ. ವಾಲ್ವ್ ಆಂಪ್ ಬಿಚ್ಚಿ ಅದರೊಳಗೆ ಇದನ್ನು ತೂರಿಸಬೇಡಿ, ಅಲ್ಲಿ ಮುನ್ನೂರು ನಾನೂರು ವೋಲ್ಟ್ ಓಡಾಡುತ್ತಿರುತ್ತದೆ.

ಒಂದು ಕೈಯಲ್ಲಿ ತಂತಿ ಮೀಟುತ್ತಾ ಇನ್ನೊಂದು ಕೈಯಲ್ಲಿ ಮೊನೆ ಹಿಡಿಯುವುದು ಸರ್ಕಸ್. ತಮ್ಮನೋ ತಂಗಿಯೋ ಇದ್ದರೆ ಗಿಟಾರ್ ಕೊಟ್ಟು ಒಂದೇ ತಂತಿ ಬಾರಿಸುತ್ತಿರಲು ಹೇಳಿ. ಇಲ್ಲವಾದರೆ ಹಳೆ ಫೋನಿನ ಹೆಡ್‌ಫೋನ್ ಜ್ಯಾಕ್‌ನಿಂದ ಒಂದು ಟೋನ್ ಕೊಡಿ, ಸಣ್ಣ ಸದ್ದಿನಲ್ಲಿ.

ಗೇನ್ ಪೂರ್ತಿ ಕೆಳಗಿಡಿ. ಇನ್‌ಪುಟ್ ಜ್ಯಾಕ್‌ಗೆ ಮೊನೆ ಇಟ್ಟರೆ ಗಿಟಾರ್ ತಿಳಿಯಾಗಿ ಕೇಳಬೇಕು. 3ನೇ ಪಿನ್‌ನಲ್ಲೂ ಹಾಗೇ. 6ನೇ ಪಿನ್‌ನಲ್ಲಿ ಅದೇ ಸದ್ದು ಮೂರು ಪಟ್ಟು ದೊಡ್ಡದಾಗಿ, ಆದರೂ ತಿಳಿಯಾಗಿ. ಇಲ್ಲಿಗೆ ಬಂದಾಗ ನಿಮಗೆ ಅರ್ಧ ಸಮಾಧಾನ ಆಗುತ್ತದೆ, ಯಾಕೆಂದರೆ "ಗೇನ್ ಕಡಿಮೆ ಇದ್ದರೆ ಸದ್ದೇ ಇಲ್ಲ" ಅಂದಿದ್ದಿರಿ, ಇಲ್ಲಿ ಸದ್ದು ಇದೆ. ಈಗ ಗೇನ್ ಪೂರ್ತಿ ಕೊಡಿ. 1 ಮೆಗ್ ಫೀಡ್‌ಬ್ಯಾಕ್‌ಗೆ 4.7ಕೆ ಸೇರಿದರೆ ಸುಮಾರು 213 ಪಟ್ಟು. ಐಸಿ ತನ್ನ ಮಿತಿಗೆ ತಲೆ ಚಚ್ಚಿಕೊಂಡು ಒರಟಾಗಿ ಒಡೆಯುತ್ತದೆ. ಅದೂ ಸರಿಯೇ, ಗಾಬರಿ ಬೇಡ. ಔಟ್‌ಪುಟ್‌ನ 1 ಮೈಕ್ರೋಫ್ಯಾರಡ್ ದಾಟಿದ ಮೇಲೂ ಅದೇ ಸದ್ದು.

ಈಗ 10ಕೆ ದಾಟಿ, ಡಯೋಡ್ ಸೇರುವ ಬಿಂದುವಿಗೆ ಮೊನೆ ಇಡಿ. ನಿಧಾನವಾಗಿ ಕೇಳಿ. ಡಯೋಡ್ ಗ್ರೌಂಡ್‌ಗೆ ಹೋಗಿದ್ದರೆ ಈ ಬಿಂದುವಿನಲ್ಲಿ ಸದ್ದು ಧೊಪ್ಪನೆ ಇಳಿಯಬೇಕು. ಮೂರು ವೋಲ್ಟ್ ಎತ್ತರ ಇದ್ದ ಅಲೆ 0.6ಕ್ಕೆ ಕುಸಿಯಬೇಕು. ನನ್ನ ಪ್ರಕಾರ ನಿಮ್ಮದರಲ್ಲಿ ಅಂಥ ಕುಸಿತ ಕೇಳಿಸುವುದಿಲ್ಲ. ಮೊನೆಯನ್ನು ಡಯೋಡ್‌ಗಳ ಆಚೆ ಬದಿಗೆ, ವಾಲ್ಯೂಮ್ ಪಾಟ್‌ನ ಕಾಲಿಗೆ ಸರಿಸಿ. ಅಲ್ಲಿ ನಿಮ್ಮ ಹರಿದ ಸ್ಪೀಕರ್ ಕೂತಿರುತ್ತದೆ. ಗೇನ್ ಇಳಿಸಿ ನೋಡಿ: ಡಯೋಡ್‌ನ ಈಚೆ ಗಿಟಾರ್, ಆಚೆ ಮೌನ.

ಮೀಟರ್‌ನಿಂದಲೂ ಖಚಿತ ಮಾಡಿಕೊಳ್ಳಬಹುದು. ಬ್ಯಾಟರಿ ತೆಗೆಯಿರಿ, ಮೀಟರನ್ನು ಡಯೋಡ್ ಗುರುತಿಗೆ ತಿರುಗಿಸಿ. 10ಕೆ ಮತ್ತು ಡಯೋಡ್ ಸೇರುವ ಬಿಂದುವಿಗೆ ಕೆಂಪು, ಗ್ರೌಂಡ್‌ಗೆ ಕಪ್ಪು. 600ರ ಆಸುಪಾಸು ಬರಬೇಕು. ಕಡ್ಡಿ ಅದಲು ಬದಲು ಮಾಡಿದರೂ ಅಷ್ಟೇ ಬರಬೇಕು, ಯಾಕೆಂದರೆ ಒಂದು ಡಯೋಡ್ ಆ ಕಡೆಗೆ, ಒಂದು ಈ ಕಡೆಗೆ. ಎರಡೂ ಸಲ ಎಡಗಡೆ ಬರೀ 1 ನಿಂತರೆ ನನ್ನ ಅನುಮಾನ ನಿಜ. ಒಂದು ಸಲ 600, ಒಂದು ಸಲ 1 ಬಂದರೆ ನೀವು ನನ್ನ ಹಳೆಯ ತಪ್ಪನ್ನು ಮಾಡಿದ್ದೀರಿ, ಇಲ್ಲವೇ ಒಂದು ಡಯೋಡ್ ಡ್ರೈ ಸೋಲ್ಡರ್ ಆಗಿದೆ, ಅಂದರೆ ಬೆಸುಗೆ ಸರಿಯಾಗಿ ಹಿಡಿದಿಲ್ಲ.

ಇದು ದಡ್ಡತನದಿಂದ ಆಗುವ ತಪ್ಪಲ್ಲ. ನಕ್ಷೆಯಲ್ಲಿ ಗ್ರೌಂಡ್ ಗುರುತು ಬೇಕಾದಲ್ಲೆಲ್ಲ ಕೆಳಗೆ ನೇತಾಡುತ್ತಿರುತ್ತದೆ. ಡಾಟ್ ಬೋರ್ಡ್‌ನಲ್ಲಿ ಅದು ಒಂದೇ ತಂತಿ, ಅದೂ ಬೋರ್ಡ್‌ನ ಇನ್ನೊಂದು ಅಂಚಿನಲ್ಲಿ. ಡಯೋಡ್ ಇಡುವಾಗ ಪಕ್ಕದಲ್ಲಿ ಖಾಲಿ ತೂತು ಕಾಣಿಸುತ್ತದೆ, ಅಲ್ಲಿಗೇ ಕಾಲು ಇಳಿಸುತ್ತೇವೆ. ಬೆಸುಗೆಗೆ ಅಂತ ಬೋರ್ಡ್ ಮಗುಚಿದಾಗ ಎಡ ಬಲ ಬೇರೆ ಅದಲು ಬದಲಾಗಿರುತ್ತದೆ. ಬೆಸುಗೆ ಹಾಕುವ ಮುಂಚೆ ಗ್ರೌಂಡ್‌ಗೆ ಹೋಗುವ ಕಾಲುಗಳಿಗೆಲ್ಲ ಸ್ಕೆಚ್ ಪೆನ್ನಿನಲ್ಲಿ ಒಂದು ಚುಕ್ಕಿ ಇಟ್ಟುಕೊಳ್ಳಿ. ನಾನು ಈಗಲೂ ಇಡುತ್ತೇನೆ.

ಸರಿಪಡಿಸುವುದು ಐದು ನಿಮಿಷದ ಕೆಲಸ. ಎರಡು ಡಯೋಡ್ ಬಿಚ್ಚಿ. 10ಕೆಯ ತುದಿಯಿಂದ ವಾಲ್ಯೂಮ್ ಪಾಟ್‌ಗೆ ಸೀದಾ ಒಂದು ತಂತಿ. ಅದೇ ಬಿಂದುವಿನಿಂದ ಗ್ರೌಂಡ್‌ಗೆ ಎರಡು ಡಯೋಡ್: ಒಂದರ ಕಪ್ಪು ಪಟ್ಟಿ ಮೇಲೆ, ಇನ್ನೊಂದರದು ಕೆಳಗೆ. ಆಮೇಲೆ ಆನ್ ಮಾಡಿದಾಗ ಸದ್ದು ಮೊದಲಿಗಿಂತ ಕಡಿಮೆ ಅನಿಸುತ್ತದೆ. ಮತ್ತೆ ಕೆಡಿಸಿದೆ ಅಂತ ಬೇಸರ ಮಾಡಿಕೊಳ್ಳಬೇಡಿ. ಇಷ್ಟು ದಿನ ನೀವು ಕೇಳುತ್ತಿದ್ದದ್ದು ಹೊಸ್ತಿಲು ದಾಟಿ ಬಂದ ದೊಡ್ಡ ಚೂರುಗಳು, ಈಗ 0.6ಕ್ಕೆ ಕಟ್ಟಿಹಾಕಿದ ಸದ್ದು. ನೋಟ್ ಮಾತ್ರ ಮೆಲ್ಲಗೆ ಕರಗಿಕೊಂಡು ಹೋಗುತ್ತದೆ. ಮೂಲ ಎಂಎಕ್ಸ್‌ಆರ್ ಪೆಡಲ್‌ನಲ್ಲಿದ್ದದ್ದು 1ಎನ್270 ಅನ್ನುವ ಜರ್ಮೇನಿಯಂ ಡಯೋಡ್, ಅದರ ಹೊಸ್ತಿಲು 0.3ರ ಸುತ್ತಮುತ್ತ, ಸದ್ದು ಇನ್ನೂ ಮೆತ್ತಗೆ, ಇನ್ನೂ ಸಣ್ಣದು. 1ಎನ್4148 ಹಾಕಿದರೆ ನಿಮ್ಮದು ಡಿಒಡಿ 250 ಅನ್ನುವ ಇನ್ನೊಂದು ಪೆಡಲ್‌ನ ಹತ್ತಿರ ಹೋಗುತ್ತದೆ. ನನಗೆ ಅದೇ ಇಷ್ಟ. ಜರ್ಮೇನಿಯಂ ರುಚಿ ನೋಡಬೇಕು ಅಂದರೆ ಅಟ್ಟದ ಮೇಲಿರುವ ಅಜ್ಜನ ಟ್ರಾನ್ಸಿಸ್ಟರ್ ರೇಡಿಯೋ ಬಿಚ್ಚಿ, ಡಿಟೆಕ್ಟರ್ ಜಾಗದಲ್ಲಿ ಓಎ79 ಥರದ ಗಾಜಿನ ಡಯೋಡ್ ಇರಬಹುದು. ಒಂದು ಕಾಲದಲ್ಲಿ ಬೆಂಗಳೂರಿನ ಬಿಇಎಲ್‌ನಲ್ಲೇ ಜರ್ಮೇನಿಯಂ ಸಾಮಾನು ತಯಾರಾಗುತ್ತಿತ್ತು. ಬೆಸೆಯುವಾಗ ಕಾಲನ್ನು ನೋಸ್ ಪ್ಲೈಯರ್‌ನಲ್ಲಿ ಹಿಡಿದುಕೊಳ್ಳಿ, ಬಿಸಿ ತಾಗಿದರೆ ಬೇಗ ಸಾಯುತ್ತವೆ.

ಗೇನ್ ಪಾಟ್ ಬಗ್ಗೆಯೂ ಒಂದು ಮಾತು. ಅಂಗಡಿಯಲ್ಲಿ ಸುಮ್ನೆ 500ಕೆ ಅಂತ ಕೇಳಿದರೆ ಲೀನಿಯರ್ (ತಿರುಗಿಸಿದಷ್ಟೂ ಒಂದೇ ಸಮನೆ ಬದಲಾಗುವ) ಪಾಟ್ ಕೊಡುತ್ತಾರೆ. ಅದರಲ್ಲಿ ಅರ್ಧ ತಿರುಗಿಸಿದರೂ ಗೇನ್ ಬರೀ 5. ಕೊನೆಯ ಚೂರಿನಲ್ಲಿ 20ರಿಂದ 200ಕ್ಕೆ ಹಾರುತ್ತದೆ. ಅದಕ್ಕೇ ನಿಮಗೆ ಅರ್ಧದವರೆಗೆ ಏನೂ ಕೇಳಿಸಲಿಲ್ಲ: ಗಿಟಾರ್‌ನ 0.1 ವೋಲ್ಟ್ ಐದು ಪಟ್ಟಾದರೂ 0.5, ಹೊಸ್ತಿಲ ಕೆಳಗೇ. ಇಲ್ಲಿ ಬೇಕಿರುವುದು ರಿವರ್ಸ್ ಲಾಗ್ ಪಾಟ್. ಸಿಗದಿದ್ದರೆ ಮಾಮೂಲಿ ಲಾಗ್ ಪಾಟನ್ನು ಉಲ್ಟಾ ಜೋಡಿಸಿ. ಎಡಕ್ಕೆ ತಿರುಗಿಸಿದರೆ ಗೇನ್ ಜಾಸ್ತಿ ಆಗುತ್ತದೆ, ಎರಡು ದಿನದಲ್ಲಿ ಕೈಗೆ ಅಭ್ಯಾಸವಾಗುತ್ತದೆ.

ಇದೇ ಪೆಡಲ್ ಕಟ್ಟುವ ಬೇರೆಯವರಿಗೆ 6ನೇ ಪಿನ್ ನಿಜವಾಗಿಯೂ 2ರ ಹತ್ತಿರ ಅಥವಾ 7-8ರ ಹತ್ತಿರ ಸಿಕ್ಕಿಕೊಂಡಿದ್ದರೆ ಕಥೆ ಬೇರೆ. ಆಗಲೂ ನೋಟ್ ಕತ್ತರಿಸಿದ ಹಾಗೆ ಬರುತ್ತದೆ, ಆದರೆ ತಪ್ಪು ಬಯಾಸ್‌ನದು. ಮೊದಲು ರೆಸಿಸ್ಟರ್ ಬಣ್ಣ ನೋಡಿ. ಕಂದು-ಕಪ್ಪು-ಹಸಿರು ಒನ್ ಮೆಗ್, ಕಂದು-ಕಪ್ಪು-ಹಳದಿ 100ಕೆ. ರಾತ್ರಿ ಬಲ್ಬಿನ ಬೆಳಕಲ್ಲಿ ಇವೆರಡೂ ಅಣ್ಣ ತಮ್ಮಂದಿರು. ಒಂದು ಜಾಗದಲ್ಲಿ ಇದು, ಇನ್ನೊಂದರಲ್ಲಿ ಅದು ಬಿದ್ದರೆ ಅರ್ಧ ವೋಲ್ಟೇಜ್ ಎಲ್ಲಿಂದ ಬರಬೇಕು? ಆಮೇಲೆ ಬಯಾಸ್ ಬಿಂದುವಿನ 1 ಮೈಕ್ರೋಫ್ಯಾರಡ್ ಎಲೆಕ್ಟ್ರೋಲಿಟಿಕ್. ಒನ್ ಮೆಗ್ ಮೂಲಕ ಹರಿಯುವುದೇ ನಾಲ್ಕೂವರೆ ಮೈಕ್ರೋ ಆಂಪಿಯರ್. ಹಳೇ ಸ್ಟಾಕಿನ ಕೆಪಾಸಿಟರ್ ಒಂದು ಮೈಕ್ರೋ ಆಂಪಿಯರ್ ಸೋರಿದರೂ ಅರ್ಧ ವೋಲ್ಟ್ ಕೆಳಗೆ ಹೋಯಿತು. 100ಕೆ ಇದ್ದರೆ ಅಷ್ಟೇ ಸೋರಿಕೆಗೆ ಬೀಳುವುದು 0.05. ನಿಮ್ಮ 100ಕೆ ಹಾಗೇ ಇರಲಿ ಅಂದಿದ್ದು ಇದಕ್ಕೇ.

ಇನ್ನು ಹಮ್. ಗೇನ್ ಇಷ್ಟು ಜಾಸ್ತಿ ಇದ್ದಾಗ ಗೋಡೆಯ ವೈರಿಂಗ್‌ನಿಂದ ಒಳಗೆ ಬರುವ ಸಣ್ಣ ಗುಂಯ್ ಸದ್ದೂ ದೊಡ್ಡದಾಗಿ ಹಾಡುತ್ತದೆ. 3ನೇ ಪಿನ್ ಸುತ್ತಲಿನ ಜಾಗ ಒಂದು ಆಂಟೆನಾ. ಇನ್‌ಪುಟ್ ಜ್ಯಾಕ್‌ನಿಂದ ಬೋರ್ಡ್‌ಗೆ ಬರುವ ತಂತಿ ಗಿಡ್ಡ ಮಾಡಿ, ಶೀಲ್ಡೆಡ್ ವೈರ್ ಹಾಕಿ. ಇನ್‌ಪುಟ್ ಔಟ್‌ಪುಟ್ ತಂತಿ ಒಟ್ಟಿಗೆ ಹೆಣೆಯಬೇಡಿ, ಗೇನ್ ಏರಿಸಿದಾಗ ಕೀರಲು ಶುರುವಾಗುತ್ತದೆ. ಅಡಾಪ್ಟರ್‌ನ ಹೆಚ್ಚುವರಿ ಹಮ್‌ಗೆ ಬೋರ್ಡ್‌ಗೆ 9 ವೋಲ್ಟ್ ಬರುವ ಜಾಗದಲ್ಲಿ 100 ಓಮ್, ಅದನ್ನು ದಾಟಿದ ಮೇಲೆ ಬೋರ್ಡ್ ಕಡೆಯಿಂದ ಗ್ರೌಂಡ್‌ಗೆ 100 ಮೈಕ್ರೋಫ್ಯಾರಡ್ ಹಾಕಿ. 741 ಎಳೆಯುವುದು ಒಂದೆರಡು ಮಿಲಿ ಆಂಪಿಯರ್, ವೋಲ್ಟೇಜ್ ಬೀಳುವುದಿಲ್ಲ. ಹಮ್ ಹೋಗಲಿ ಅಂತ ಆಂಪ್ ಪ್ಲಗ್‌ನ ಅರ್ತ್ ಪಿನ್ ಮಾತ್ರ ಯಾರು ಹೇಳಿದರೂ ಕೀಳಬೇಡಿ. ತಂತಿ ಹಿಡಿದ ಕೈಗೂ 230 ವೋಲ್ಟ್‌ಗೂ ನಡುವೆ ಇರುವುದು ಅದೊಂದೇ.

ಆದರೆ ಬ್ಯಾಟರಿಯಲ್ಲೂ ಹಮ್ ಇದೆ ಅಂದಿದ್ದೀರಲ್ಲ, ಅದರ ಮುಖ್ಯ ಕಾರಣ ಪ್ಲಾಸ್ಟಿಕ್ ಡಬ್ಬಿ. ಅಲ್ಯೂಮಿನಿಯಂ ಡಬ್ಬಿ ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಸಿಗುತ್ತದೆ. ಅಷ್ಟು ದೂರ ಬೇಡ ಅಂದರೆ ಸ್ಟೀಲ್ ಟಿಫಿನ್ ಡಬ್ಬಿಯೂ ನಡೆಯುತ್ತದೆ, ತೂತು ಕೊರೆಯುವಾಗ ಡ್ರಿಲ್ ಬಿಟ್‌ಗೆ ಎಣ್ಣೆ ಬಿಡಿ, ನಿಧಾನವಾಗಿ ಓಡಿಸಿ. ಬಣ್ಣ ಬಳಿದ ಡಬ್ಬಿಯಾದರೆ ಜ್ಯಾಕ್‌ನ ನಟ್ ಕೂರುವ ಜಾಗದಲ್ಲಿ ಒಳಗಡೆ ಬಣ್ಣ ಕೆರೆದು ಹಾಕಿ. ಆಮೇಲೆ ಮೀಟರನ್ನು ಬೀಪ್ ಇಟ್ಟು ಒಂದು ಕಡ್ಡಿ ಡಬ್ಬಿಗೆ, ಇನ್ನೊಂದು 4ನೇ ಪಿನ್‌ಗೆ ಮುಟ್ಟಿಸಿ. ಬೀಪ್ ಬಂದ ಮೇಲೆ ಮುಚ್ಚಳ ಹಾಕಿ.